24 ಲಿಫ್ಟ್ ಇರುವ ಹಡಗಿನಲ್ಲಿ ದಾರಿ ತಪ್ಪದೆ ಓಡಾಡುವುದು ಹೇಗೆ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ನಯಾಗರಾ ತೋರಿಸುವುದು ಹಳೆಯ ರೂಢಿ. ಈಗ ಅದರ ಜೊತೆ ಕ್ರೂಸ್ ಕೂಡ ಸೇರಿಕೊಂಡಿದೆ. ಫ್ಲಾರಿಡಾದ ಮಯಾಮಿಯಲ್ಲೋ ಪೋರ್ಟ್ ಕೆನಾವೆರಲ್‌ನಲ್ಲೋ ಹತ್ತಿ, ಕೆರಿಬಿಯನ್ ದ್ವೀಪಗಳನ್ನು ಸುತ್ತಿ, ವಾರ ಕಳೆದು ಅದೇ ಜಾಗದಲ್ಲಿ ಇಳಿಯುವುದು. ಊಟ, ಶೋ, ಈಜುಕೊಳದ ಬಗ್ಗೆ ಬೇಕಾದಷ್ಟು ವಿಡಿಯೋಗಳಿವೆ. ಆದರೆ ಮೊದಲ ಎರಡು ದಿನ ಎಲ್ಲರನ್ನೂ ಸುಸ್ತು ಮಾಡುವ ವಿಷಯ ಬೇರೆಯೇ ಇದೆ. ಕ್ಯಾಬಿನ್‌ನಿಂದ ಊಟದ ಹಾಲ್ ತಲುಪುವುದು ಹೇಗೆ, ಲಿಫ್ಟ್ ಯಾಕೆ ನಿಲ್ಲದೆ ಹೋಗುತ್ತಿದೆ, ಅಮ್ಮನ ಮಂಡಿಗೆ ಎಷ್ಟು ಮೆಟ್ಟಿಲು ಆದೀತು. ಈ ಲೇಖನ ಅಷ್ಟಕ್ಕೆ ಮಾತ್ರ.

ಉದಾಹರಣೆಗೆ ರಾಯಲ್ ಕೆರಿಬಿಯನ್ ಕಂಪನಿಯ ಓಯಸಿಸ್ ವರ್ಗದ ಹಡಗುಗಳನ್ನು ತೆಗೆದುಕೊಂಡಿದ್ದೇನೆ. 2009ರಲ್ಲಿ ಬಂದ ಓಯಸಿಸ್ ಆಫ್ ದ ಸೀಸ್‌ನಿಂದ 2024ರ ಯುಟೋಪಿಯಾವರೆಗೆ ಈ ವರ್ಗದಲ್ಲಿ ಆರು ಹಡಗುಗಳಿವೆ. ಅವುಗಳಲ್ಲಿ ಸಿಂಫನಿ 2018ರದ್ದು. ಉದ್ದ 361 ಮೀಟರ್. ಪ್ರತಿ ಕ್ಯಾಬಿನ್‌ಗೆ ಇಬ್ಬರಂತೆ ಹಿಡಿದರೂ ಸುಮಾರು 5,500 ಪ್ರಯಾಣಿಕರು. ಅವರಿಗೆ 24 ಲಿಫ್ಟ್. ಅಂದರೆ ಒಂದು ಲಿಫ್ಟಿಗೆ ಸುಮಾರು 230 ಜನ! ಎಲ್ಲರೂ ಒಟ್ಟಿಗೆ ಊಟಕ್ಕೆ ಹೊರಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಹಡಗಿಗೆ ಇಷ್ಟೆಲ್ಲ ತಯಾರಿ ಬೇಡ. ಅದು 1990ರಲ್ಲಿ ಕಟ್ಟಿದ, ಸುಮಾರು 210 ಮೀಟರ್ ಉದ್ದದ ಹಡಗು. ಅರ್ಧ ದಿನದಲ್ಲಿ ಕಾಲಿಗೆ ದಾರಿ ಗೊತ್ತಾಗುತ್ತದೆ. ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗುಗಳಿಗೆ ಮಾತ್ರ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ. ಡೆಕ್ ಅಂದರೆ ಹಡಗಿನ ಮಹಡಿ. ಅದರ ನಂಬರ್‌ಗಳು ಬದಲಾಗುತ್ತವೆ, ಲೆಕ್ಕಾಚಾರ ಬದಲಾಗುವುದಿಲ್ಲ.

ಮೊದಲು ಲಾಬಿ, ಆಮೇಲೆ ಡೆಕ್

ಹೊಸಬರು ಸಾಮಾನ್ಯವಾಗಿ ಡೆಕ್ ನಂಬರ್ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. "ಊಟ 4ನೇ ಡೆಕ್‌ನಲ್ಲಿ" ಅಂತ ಕೇಳಿಸಿಕೊಂಡು, ಹತ್ತಿರದ ಲಿಫ್ಟ್ ಹಿಡಿದು, 4ಕ್ಕೆ ಇಳಿಯುತ್ತಾರೆ. ಇಳಿದರೆ ಎದುರಿಗೆ ಥಿಯೇಟರ್. ಊಟದ ಹಾಲ್ ಹಡಗಿನ ಇನ್ನೊಂದು ತುದಿಯಲ್ಲಿ ಇರುತ್ತದೆ.

ಹಡಗು ಎತ್ತರಕ್ಕಿಂತ ಉದ್ದ ಜಾಸ್ತಿ. ಹಾಗಾಗಿ ಎಲ್ಲಿಗೆ ಹೋಗುವುದಿದ್ದರೂ ಮೊದಲ ಪ್ರಶ್ನೆ "ಮುಂದಿನ ಲಾಬಿಯೋ, ಹಿಂದಿನ ಲಾಬಿಯೋ?" ಎನ್ನುವುದಾಗಿರಬೇಕು. ಲಿಫ್ಟ್‌ಗಳೂ ಮೆಟ್ಟಿಲುಗಳೂ ಒಟ್ಟಿಗೆ ಇರುವ ಜಾಗವೇ ಲಾಬಿ. ಎಷ್ಟನೇ ಡೆಕ್ ಎನ್ನುವುದು ಎರಡನೆಯ ಪ್ರಶ್ನೆ. ಸರಿಯಾದ ಲಾಬಿಯಲ್ಲಿ ನಿಂತಿದ್ದರೆ ಆಮೇಲಿನದ್ದೆಲ್ಲ ಬರೀ ಏರುವುದು ಇಳಿಯುವುದು. ತಪ್ಪು ಲಾಬಿಯಲ್ಲಿ ಇಳಿದರೆ ಸರಿಯಾದ ಡೆಕ್‌ನಲ್ಲಿದ್ದೂ ದಾರಿ ಸಿಗದೆ ನಿಲ್ಲಬೇಕಾಗಬಹುದು. ಯಾಕೆಂದರೆ ಎಲ್ಲ ಡೆಕ್‌ಗಳಲ್ಲೂ ಈ ತುದಿಯಿಂದ ಆ ತುದಿಗೆ ನಡೆಯಲು ಆಗುವುದಿಲ್ಲ. ಮಧ್ಯೆ ಅಡುಗೆಮನೆ ಬರುತ್ತದೆ, ಥಿಯೇಟರ್ ಬರುತ್ತದೆ, ಸಿಬ್ಬಂದಿಯ ಜಾಗ ಬರುತ್ತದೆ. ಹಿಂತುದಿಯಲ್ಲಿ ಊಟದ ಹಾಲ್ ಇರುವ ಎಷ್ಟೋ ಹಡಗುಗಳಲ್ಲಿ ಇದು ಮಾಮೂಲಿ ತೊಂದರೆ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ನಡುವೆ ಗೋಡೆ ಇರುತ್ತದೆ.

ಓಯಸಿಸ್ ವರ್ಗದಲ್ಲಿ ಲಾಬಿಗಳು ಎರಡೇ. ಮುಂದಿನದು ಫಾರ್ವರ್ಡ್, ಹಿಂದಿನದು ಆಫ್ಟ್. ಎಲ್ಲ 24 ಲಿಫ್ಟ್‌ಗಳೂ ಈ ಎರಡು ಕಡೆ ಹಂಚಿಕೊಂಡಿವೆ. ದೊಡ್ಡ ಮೆಟ್ಟಿಲುಗಳೂ ಅಲ್ಲೇ ಪಕ್ಕದಲ್ಲಿ. ಬೇರೆ ಹಡಗುಗಳಲ್ಲಿ ಮಧ್ಯದಲ್ಲಿ ಮೂರನೆಯ ಲಾಬಿಯೊಂದು ಇರುವುದುಂಟು. ಇಲ್ಲಿ ಯಾಕಿಲ್ಲ ಎಂದರೆ, ಈ ಹಡಗಿನ ಮೇಲ್ಭಾಗದ ನಡುವಿನಲ್ಲಿ ಕಟ್ಟಡವೇ ಇಲ್ಲ. ನಮ್ಮ ಹಳೇ ತೊಟ್ಟಿಮನೆಯಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕೋಣೆಗಳು ಇರುತ್ತವಲ್ಲ, ಅದೇ ಲೆಕ್ಕ. 8ನೇ ಡೆಕ್‌ನಲ್ಲಿ ಸೆಂಟ್ರಲ್ ಪಾರ್ಕ್ ಎಂಬ ತೆರೆದ ತೋಟವಿದೆ, ನಿಜವಾದ ಗಿಡಮರಗಳೇ ಇವೆ. ಅದರ ಎರಡೂ ಪಕ್ಕ ಕ್ಯಾಬಿನ್‌ಗಳ ಸಾಲು ಮೇಲಕ್ಕೆ ಏರಿದೆ.

ಇದರಿಂದ ಇನ್ನೊಂದು ತಾಪತ್ರಯ. ಎಡಗಡೆ ಸಾಲಿನ ಕ್ಯಾಬಿನ್‌ನಿಂದ ಎದುರಿನ ಬಲಗಡೆ ಸಾಲಿಗೆ ನೇರವಾಗಿ ದಾಟಲು ಆಗುವುದಿಲ್ಲ. ಬಾಲ್ಕನಿಯಿಂದ ಕೈಬೀಸಬಹುದು, ಆದರೆ ಹೋಗಬೇಕೆಂದರೆ ಲಾಬಿಯವರೆಗೆ ನಡೆದು ಸುತ್ತಿ ಬರಬೇಕು.

ಟಿಕೆಟ್ ಮಾಡುವಾಗಲೇ ಅರ್ಧ ಕೆಲಸ ಮುಗಿಸಿ

ಹಡಗಿನ ನಡುಭಾಗದ ಕ್ಯಾಬಿನ್ ತಗೊಳ್ಳಿ, ಅಲುಗಾಟ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ನಡುವೆ ಮತ್ತು ಕೆಳಗೆ ಇದ್ದಷ್ಟೂ ಅಲುಗಾಟ ಕಡಿಮೆ. ಆದರೆ ಓಯಸಿಸ್ ವರ್ಗದಲ್ಲಿ ನಟ್ಟನಡುವಿನ ಕ್ಯಾಬಿನ್ ಎಂದರೆ ಎರಡೂ ಲಾಬಿಗಳಿಂದ ದೂರ. ದಿನಕ್ಕೆ ಹತ್ತು ಸಲ ಉದ್ದದ ಕಾರಿಡಾರ್ ನಡೆಯಬೇಕು. ಇಷ್ಟು ದೊಡ್ಡ ಹಡಗು ಕೆರಿಬಿಯನ್‌ನ ಶಾಂತ ಸಮುದ್ರದಲ್ಲಿ ಅಷ್ಟೇನೂ ಅಲುಗಾಡುವುದಿಲ್ಲ. ಹಾಗಾಗಿ ವಯಸ್ಸಾದವರಿಗೆ ಲಾಬಿಗೆ ಹತ್ತಿರದ ಕ್ಯಾಬಿನ್ ತಗೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ. ತೀರಾ ಲಿಫ್ಟಿನ ಬಾಗಿಲಿಗೇ ಅಂಟಿಕೊಂಡಿರುವುದು ಬೇಡ, ರಾತ್ರಿ ಮಾತಿನ ಸದ್ದು ಬರುತ್ತದೆ. ಐದಾರು ಬಾಗಿಲು ಒಳಗಿದ್ದರೆ ಸಾಕು.

ಎಷ್ಟನೇ ಡೆಕ್? ಮೊದಲು ಮುಖ್ಯವಾದ ಜಾಗಗಳು ಎಲ್ಲೆಲ್ಲಿವೆ ನೋಡಿ. ಮುಖ್ಯ ಊಟದ ಹಾಲ್ 3, 4, 5ನೇ ಡೆಕ್‌ಗಳಲ್ಲಿ, ಹಿಂತುದಿಗೆ. ರಾಯಲ್ ಥಿಯೇಟರ್ 4 ಮತ್ತು 5ರಲ್ಲಿ, ಮುಂತುದಿಗೆ. ಕ್ಯಾಸಿನೋ ಮತ್ತು ಐಸ್ ಸ್ಕೇಟಿಂಗ್ ಅಂಗಣ 4ರಲ್ಲಿ. ಅಂಗಡಿ, ಕಾಫಿ, ಪಿಜ್ಜಾ ಇರುವ ರಾಯಲ್ ಪ್ರೊಮೆನೇಡ್ 5ರಲ್ಲಿ. ಮಕ್ಕಳ ತಿರುಗುಕುದುರೆ ಇರುವ ಬೋರ್ಡ್‌ವಾಕ್ 6ರಲ್ಲಿ, ಹಿಂದಕ್ಕೆ. ತೋಟ 8ರಲ್ಲಿ. ಈಜುಕೊಳಗಳು 15ರಲ್ಲಿ, ವಿಂಡ್‌ಜ್ಯಾಮರ್ ಬಫೆ 16ರಲ್ಲಿ.

ಅಂದರೆ ಗಲಾಟೆಯೆಲ್ಲ ಒಂದೋ ತೀರಾ ಕೆಳಗೆ, ಇಲ್ಲವೇ ತೀರಾ ಮೇಲೆ. ಮೆಟ್ಟಿಲು ಹತ್ತಬಲ್ಲವರು 8, 9, 10ರಲ್ಲಿದ್ದರೆ ಕೆಳಗಿನದ್ದಕ್ಕೆಲ್ಲ ಲಿಫ್ಟ್ ಇಲ್ಲದೆಯೇ ಹೋಗಿ ಬರಬಹುದು. 8ನೇ ಡೆಕ್‌ಗೆ ಇನ್ನೊಂದು ಲಾಭವಿದೆ. ಬೆಳಗ್ಗೆ ಎದ್ದು ಒಂದೂ ಮೆಟ್ಟಿಲಿಲ್ಲದೆ ತೋಟಕ್ಕೆ ಹೋಗಿ, ಅಲ್ಲಿನ ಪಾರ್ಕ್ ಕೆಫೆಯಲ್ಲಿ ತಿಂಡಿ ಮುಗಿಸಬಹುದು. ಮಂಡಿನೋವಿನ ಅತ್ತೆ ಮಾವನಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಲಿಫ್ಟನ್ನೇ ನಂಬಿದವರಿಗೆ ಮಾತ್ರ ನಡುವಿನ ಡೆಕ್‌ಗಳದ್ದು ಒಂದು ಕಷ್ಟವಿದೆ, ಅದನ್ನು ಮುಂದೆ ಹೇಳುತ್ತೇನೆ.

ಎರಡು ಕುಟುಂಬ ಒಟ್ಟಿಗೆ ಹೋಗುವುದಿದ್ದರೆ ಒಂದೇ ಡೆಕ್ ಸಿಗದಿದ್ದರೂ ಚಿಂತೆಯಿಲ್ಲ. ಒಂದೇ ಲಾಬಿಗೆ ಹತ್ತಿರ, ಒಂದೇ ಪಕ್ಕದಲ್ಲಿ ಸಿಕ್ಕರೆ ಸಾಕು. ಎರಡು ಡೆಕ್ ಮೇಲಿನ ತಂಗಿಯ ಕ್ಯಾಬಿನ್ ಹತ್ತಿರ. ಅದೇ ಡೆಕ್‌ನ ಇನ್ನೊಂದು ತುದಿಯಲ್ಲಿರುವ ಅಣ್ಣನ ಕ್ಯಾಬಿನ್ ದೂರ!

ಗಾಲಿಕುರ್ಚಿ ಬೇಕಾದವರು ಬುಕಿಂಗ್ ಮಾಡುವಾಗಲೇ ಹೇಳಿ. ಮಾಮೂಲಿ ಕ್ಯಾಬಿನ್‌ಗಳ ಬಾಗಿಲು ಕಿರಿದು, ದೊಡ್ಡ ಗಾಲಿಕುರ್ಚಿ ಒಳಗೆ ಹೋಗದು. ಅಗಲ ಬಾಗಿಲಿನ ಬೇರೆ ಕ್ಯಾಬಿನ್‌ಗಳಿರುತ್ತವೆ, ಅವು ಬೇಗ ಖಾಲಿಯಾಗುತ್ತವೆ.

ಹತ್ತಿದ ಕೂಡಲೇ ಮಾಡಬೇಕಾದದ್ದು

ಮಧ್ಯಾಹ್ನ ಹಡಗು ಹತ್ತುತ್ತೀರಿ. ಕ್ಯಾಬಿನ್ ಇನ್ನೂ ತಯಾರಾಗಿರುವುದಿಲ್ಲ. ಹಸಿವು. ಎಲ್ಲರೂ 16ನೇ ಡೆಕ್‌ನ ಬಫೆಗೆ ಹೋಗುತ್ತಾರೆ, ಕೈಯಲ್ಲಿ ಚಕ್ರದ ಸೂಟ್‌ಕೇಸ್ ಬೇರೆ. ಆ ಹೊತ್ತಿನಲ್ಲಿ ಲಿಫ್ಟ್ ಹಿಡಿಯುವುದು ಸುಮ್ನೆ ತಲೆನೋವು. ಪ್ರೊಮೆನೇಡ್‌ನಲ್ಲಿ ಪಿಜ್ಜಾ ಇದೆ, 8ರಲ್ಲಿ ಪಾರ್ಕ್ ಕೆಫೆ ಇದೆ. ಅಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ. ಬಫೆ ವಾರವಿಡೀ ಅಲ್ಲೇ ಇರುತ್ತದೆ.

ಆಮೇಲೆ ಒಂದು ಸುತ್ತು ಹಾಕಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. 5ನೇ ಡೆಕ್‌ನ ಪ್ರೊಮೆನೇಡ್‌ನಲ್ಲಿ ಮುಂದಿನ ಲಾಬಿಯಿಂದ ಹಿಂದಿನ ಲಾಬಿಯವರೆಗೆ ನಡೆಯಿರಿ. ಅಲ್ಲಿಂದ ಮೆಟ್ಟಿಲಲ್ಲೋ ಲಿಫ್ಟಲ್ಲೋ 8ಕ್ಕೆ ಹೋಗಿ, ತೋಟದ ಮೂಲಕ ಮತ್ತೆ ಮುಂದಿನ ಲಾಬಿಗೆ ಬನ್ನಿ. ಹಡಗಿನ ಉದ್ದಕ್ಕೆ ಸರಾಗವಾಗಿ ನಡೆಯಬಹುದಾದ ಎರಡು ಮುಖ್ಯ ದಾರಿಗಳು ಇವೇ. ಉಳಿದ ವಾರವೆಲ್ಲ ಒಂದು ಲಾಬಿಯಿಂದ ಇನ್ನೊಂದಕ್ಕೆ ಹೋಗಬೇಕೆಂದಾಗ ಈ ಎರಡರಲ್ಲೊಂದನ್ನು ಹಿಡಿಯಿರಿ. 15ನೇ ಡೆಕ್‌ನಲ್ಲೂ ಉದ್ದಕ್ಕೆ ನಡೆಯಬಹುದು, ಆದರೆ ಹಗಲು ಈಜುಕೊಳದ ಸುತ್ತಿನ ಕುರ್ಚಿ ಟವೆಲ್‌ಗಳ ನಡುವೆ ನುಸುಳಬೇಕು.

ಮೂರನೆಯ ದಾರಿಯೊಂದಿದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. 5ನೇ ಡೆಕ್‌ನ ಹೊರಗೆ ಹಡಗನ್ನು ಸುತ್ತುವ ಓಟದ ಟ್ರ್ಯಾಕ್ ಇದೆ. ಒಂದು ಸುತ್ತಿಗೆ ಸುಮಾರು 700 ಮೀಟರ್. ಪ್ರೊಮೆನೇಡ್‌ನಲ್ಲಿ ಮೆರವಣಿಗೆ, ಡಾನ್ಸ್ ನಡೆಯುವಾಗ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಆಗ ಹೊರಗಿನ ಬಾಗಿಲಿಂದ ಈ ಟ್ರ್ಯಾಕಿಗೆ ಬಂದು, ಸಮುದ್ರದ ಗಾಳಿ ಕುಡಿಯುತ್ತಾ ಇನ್ನೊಂದು ತುದಿಗೆ ಹೋಗಬಹುದು. ಓಡುವವರಿಗೆ ಅಡ್ಡವಾಗದ ಹಾಗೆ ಒಂದು ಪಕ್ಕ ನಡೆಯಿರಿ.

ಮುಂದೆ ಯಾವುದು, ಹಿಂದೆ ಯಾವುದು

ಕಾರಿಡಾರ್‌ನಲ್ಲಿ ಕಿಟಕಿ ಇರುವುದಿಲ್ಲ. ಎರಡೂ ಕಡೆ ಒಂದೇ ಥರದ ಬಾಗಿಲುಗಳು. ಲಿಫ್ಟಿನಿಂದ ಹೊರಬಂದ ಕೂಡಲೇ ಎಡಕ್ಕೋ ಬಲಕ್ಕೋ ಗೊತ್ತಾಗುವುದಿಲ್ಲ. ಇದಕ್ಕೆ ಕೆಲವು ಗುರುತುಗಳಿವೆ.

ಹೆಚ್ಚಿನ ಹಡಗುಗಳಲ್ಲಿ ಕ್ಯಾಬಿನ್ ನಂಬರಿನ ಮೊದಲ ಒಂದೆರಡು ಅಂಕಿ ಡೆಕ್ ಹೇಳುತ್ತದೆ. ಉಳಿದ ಅಂಕಿಗಳು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಏರುತ್ತಾ ಹೋಗುತ್ತವೆ. ಎರಡು ಬಾಗಿಲು ನೋಡಿದರೆ ಯಾವ ಕಡೆ ನಡೆಯುತ್ತಿದ್ದೀರಿ ಅಂತ ತಿಳಿಯುತ್ತದೆ. ಕೆಲವು ಹಡಗುಗಳ ಕಾರ್ಪೆಟ್‌ನಲ್ಲಿ ಮೀನಿನ ಚಿತ್ರಗಳಿರುತ್ತವೆ, ಮೀನಿನ ತಲೆ ಯಾವಾಗಲೂ ಹಡಗಿನ ಮುಂಭಾಗದ ಕಡೆಗೆ. ಹಡಗಿನ ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಹೊರಗಿನ ಲೈಫ್ ಬೋಟ್‌ಗಳ ಮೇಲೂ ನಂಬರ್ ಇರುತ್ತದೆ. ಸರಿಸಂಖ್ಯೆ ಎಡಗಡೆ, ಬೆಸಸಂಖ್ಯೆ ಬಲಗಡೆ. ಇದು ಹಡಗಿನವರ ಹಳೆಯ ಪದ್ಧತಿ.

ಲಿಫ್ಟ್ ಲಾಬಿಯ ಗೋಡೆಯ ಚಿತ್ರಗಳನ್ನೂ ಗಮನಿಸಿ. ಹಲವು ಹಡಗುಗಳಲ್ಲಿ ಮುಂದಿನ ಮೆಟ್ಟಿಲಿಗೂ ಹಿಂದಿನ ಮೆಟ್ಟಿಲಿಗೂ ಬೇರೆ ಬೇರೆ ಕಲಾಕೃತಿ ಹಾಕಿರುತ್ತಾರೆ. ಓದಲು ಬಾರದ ಮಗುವಿಗೂ "ದೊಡ್ಡ ಮೀನಿನ ಚಿತ್ರ ಇರೋ ಕಡೆ ನಮ್ಮ ರೂಮು" ಅಂತ ಹೇಳಿಕೊಡಬಹುದು. ಓಯಸಿಸ್ ವರ್ಗದ ಲಾಬಿಗಳಲ್ಲಿ ಮುಟ್ಟಿದರೆ ದಾರಿ ತೋರಿಸುವ ಪರದೆಗಳಿವೆ. ಕಂಪನಿಯ ಆ್ಯಪ್‌ನಲ್ಲೂ ಡೆಕ್ ನಕ್ಷೆ ಇದೆ. ಅದಕ್ಕೆ ಇಂಟರ್‌ನೆಟ್ ಪ್ಯಾಕೇಜ್ ಕೊಳ್ಳಬೇಕಿಲ್ಲ, ಹಡಗಿನ ವೈಫೈಗೆ ಸೇರಿಕೊಂಡರೆ ಸಾಕು.

ಕ್ಯಾಬಿನ್ ಬಾಗಿಲುಗಳು ಲೋಹದವು, ಅಯಸ್ಕಾಂತ ಅಂಟಿಕೊಳ್ಳುತ್ತದೆ. ಊರಿನಿಂದ ಹೋಗುವಾಗ ಫ್ರಿಜ್‌ಗೆ ಹಚ್ಚುವ ಒಂದು ಮ್ಯಾಗ್ನೆಟ್ ತಗೊಂಡು ಹೋಗಿ. ಮೈಸೂರು ಅರಮನೆಯದೋ, ಯಕ್ಷಗಾನದ್ದೋ. ನೂರು ಬಾಗಿಲಿನ ಸಾಲಿನಲ್ಲಿ ಅಜ್ಜಿಗೆ ದೂರದಿಂದಲೇ ಗುರುತು ಸಿಗುತ್ತದೆ. ಬಟ್ಟೆಯ ತೋರಣ, ಕಾಗದದ ಅಲಂಕಾರ ಬೇಡ. ಬೆಂಕಿಯ ಭಯದಿಂದ ಅಂಥದ್ದನ್ನು ತೆಗೆಸಿಬಿಡುತ್ತಾರೆ.

ಇನ್ನೊಂದು ಸಣ್ಣ ವಿಷಯ. ಈ ಹಡಗುಗಳಲ್ಲಿ 12ನೇ ಡೆಕ್ ಆದ ಮೇಲೆ 14. ಹದಿಮೂರನ್ನು ಅಪಶಕುನ ಅಂತ ಬಿಟ್ಟಿದ್ದಾರೆ. ಇಟಲಿ ಮೂಲದ ಎಂಎಸ್‌ಸಿ ಹಡಗುಗಳಲ್ಲಿ 13 ಇರುತ್ತದೆ, 17 ಇರುವುದಿಲ್ಲ, ಅಲ್ಲಿನವರ ಭಯ ಬೇರೆ! ಮೆಟ್ಟಿಲು ಎಣಿಸುವವರಿಗೆ ಒಂದು ಮಹಡಿ ಉಳಿತಾಯ.

ಲಿಫ್ಟ್ ಯಾವಾಗ ತುಂಬುತ್ತದೆ

ಲಿಫ್ಟ್ ತುಂಬುವುದಕ್ಕೆ ಒಂದು ಕ್ರಮವಿದೆ. ಅದು ತಿಳಿದರೆ ಕಾಯುವುದು ಬಹಳ ಕಡಿಮೆಯಾಗುತ್ತದೆ.

ಬೆಳಗ್ಗೆ ಬಂದರು ತಲುಪಿದಾಗ ಎಲ್ಲರೂ ಕೆಳಗೆ ಇಳಿಯುತ್ತಾರೆ. ಲಿಫ್ಟ್ ಮೇಲಿನ ಡೆಕ್‌ಗಳಲ್ಲೇ ತುಂಬಿಕೊಂಡು ಬರುತ್ತದೆ. 14ರಲ್ಲಿ ನಿಂತವರಿಗೆ ಜಾಗ ಸಿಗುತ್ತದೆ, 9ರಲ್ಲಿ ನಿಂತವರ ಎದುರು ಬಾಗಿಲು ತೆರೆದು ಹಾಗೇ ಮುಚ್ಚುತ್ತದೆ. ಸಂಜೆ ವಾಪಸ್ ಬಂದಾಗ ಇದೇ ಕಥೆ ತಿರುಗುಮುರುಗು. ತೀರಾ ಕೆಳಗೆ, ಗ್ಯಾಂಗ್‌ವೇ (ಹಡಗಿನಿಂದ ದಡಕ್ಕೆ ಇಳಿಯುವ ದಾರಿ) ಇರುವ ಡೆಕ್‌ನಲ್ಲಿ ಲಿಫ್ಟ್ ಖಾಲಿಯಾಗುತ್ತದೆ, ಅಲ್ಲೇ ತುಂಬುತ್ತದೆ. "ಇಲ್ಲಿ ಜನ ಜಾಸ್ತಿ, ಎರಡು ಮಹಡಿ ಹತ್ತಿ ಅಲ್ಲಿಂದ ಲಿಫ್ಟ್ ಹಿಡಿಯೋಣ" ಅಂತ ಹೊರಟವರು ಮೇಲೆ ಇನ್ನೂ ಹೊತ್ತು ನಿಲ್ಲುತ್ತಾರೆ. ಲಿಫ್ಟೇ ಬೇಕೆಂದಿದ್ದರೆ ಮೇಲೆ ಹೋಗುವಾಗ ಕೆಳತುದಿಯಲ್ಲೇ ನಿಲ್ಲಿ. ಮೆಟ್ಟಿಲು ಅಂದುಕೊಂಡರೆ ಪೂರ್ತಿ ಮೆಟ್ಟಿಲಲ್ಲೇ ಹೋಗಿ. ನಡುವೆ ಮನಸ್ಸು ಬದಲಾಯಿಸುವುದೇ ನಷ್ಟ.

ನಡುವಿನ ಡೆಕ್‌ಗಳವರಿಗೆ ಇರುವ ಕಷ್ಟ ಅಂದೆನಲ್ಲ, ಅದು ಇದೇ. ಮೇಲಿಂದ ಬರುವುದೂ ತುಂಬಿರುತ್ತದೆ, ಕೆಳಗಿಂದ ಬರುವುದೂ ತುಂಬಿರುತ್ತದೆ. ಕಾಲು ಗಟ್ಟಿ ಇರುವವರು ಆ ಹೊತ್ತಿನಲ್ಲಿ ಮೆಟ್ಟಿಲಿಳಿಯಲಿ. ಮಂಡಿನೋವಿನವರು ಬಂದರಿಗೆ ತಲುಪಿದ ಮೊದಲ ಗಂಟೆ ಬಿಟ್ಟು, ಜನ ಕಮ್ಮಿಯಾದ ಮೇಲೆ ಹೊರಡಲಿ.

ರಾತ್ರಿ ಶೋ ಮುಗಿದಾಗ ಇನ್ನೊಂದು ನೂಕುನುಗ್ಗಲು. ರಾಯಲ್ ಥಿಯೇಟರ್‌ನಲ್ಲಿ ಸುಮಾರು 1,400 ಜನ ಕೂರುತ್ತಾರೆ. ಅಷ್ಟೂ ಜನ ಹೊರಬಂದು ಪಕ್ಕದ ಮುಂದಿನ ಲಾಬಿಯಲ್ಲೇ ನಿಲ್ಲುತ್ತಾರೆ. ಅದೇ ಹೊತ್ತಿನಲ್ಲಿ ಹಿಂದಿನ ಲಾಬಿ ಅಷ್ಟು ಕಿಕ್ಕಿರಿದಿರುವುದಿಲ್ಲ. 5ನೇ ಡೆಕ್‌ನ ಬಾಗಿಲಿಂದ ಹೊರಬಂದು, ಪ್ರೊಮೆನೇಡ್‌ನಲ್ಲಿ ಒಂದು ಐಸ್‌ಕ್ರೀಂ ತಿನ್ನುತ್ತಾ ಹಿಂದಕ್ಕೆ ನಡೆದು, ಅಲ್ಲಿನ ಲಿಫ್ಟ್ ಹಿಡಿಯಿರಿ. ಊಟದ ಸರದಿ ಮುಗಿದಾಗ ಇದರ ಉಲ್ಟಾ. ಆಗ ಹಿಂದಿನ ಲಾಬಿ ತುಂಬಿರುತ್ತದೆ, ಮುಂದಕ್ಕೆ ನಡೆಯಿರಿ.

5 ಮತ್ತು 8ರ ನಡುವೆ ರೈಸಿಂಗ್ ಟೈಡ್ ಎಂಬ ಬಾರ್ ಇದೆ. ಬಾರ್‌ಗೆ ಬಾರೇ ನಿಧಾನವಾಗಿ ಏರಿ ಇಳಿಯುತ್ತದೆ. ಕುಡಿಯದವರು ಒಂದು ಜ್ಯೂಸ್ ಹಿಡಿದು ಕೂತರೂ ಆಗುತ್ತದೆ. ತುರ್ತಿದ್ದವರಿಗೆ ಇದು ಹೇಳಿ ಮಾಡಿಸಿದ್ದಲ್ಲ, ಆದರೆ ಒಂದು ಸಲ ಮಾಡಲೇಬೇಕಾದದ್ದು. ಇನ್ನು ಕೆಳಗಿಳಿಯಲು ಲಿಫ್ಟೂ ಬೇಡ ಮೆಟ್ಟಿಲೂ ಬೇಡ ಅನ್ನುವ ಹುಡುಗರಿಗೆ ಅಲ್ಟಿಮೇಟ್ ಅಬಿಸ್ ಎಂಬ ಜಾರುಬಂಡೆ ಇದೆ. ಇದೇ ವರ್ಗದ ಹಾರ್ಮನಿ, ಸಿಂಫನಿ, ವಂಡರ್‌ಗಳಲ್ಲಿ 16ನೇ ಡೆಕ್‌ನಿಂದ ಜಾರಿದರೆ 6ನೇ ಡೆಕ್‌ನ ಬೋರ್ಡ್‌ವಾಕ್‌ನಲ್ಲಿ ಬಂದು ಬೀಳುತ್ತೀರಿ. ಸುಮಾರು 100 ಅಡಿ!

ಲಿಫ್ಟ್ ಮುಂದೆ ನಿಂತಾಗ

ಹೋಗಬೇಕಾದ ದಿಕ್ಕಿನ ಬಟನ್ ಮಾತ್ರ ಒತ್ತಿ. ಎರಡೂ ಒತ್ತಿದರೆ ಲಿಫ್ಟ್ ಸುಮ್ನೆ ಎರಡು ಸಲ ನಿಲ್ಲುತ್ತದೆ, ಒಳಗಿದ್ದವರ ಮುಖ ಸಿಂಡರಿಸುತ್ತದೆ. ಒಂದೇ ಲಾಬಿಯಲ್ಲಿ ಲಿಫ್ಟ್‌ಗಳ ಎರಡು ಗುಂಪು ಇದ್ದರೆ, ಈ ಕಡೆಯ ಬಟನ್‌ಗೆ ಆ ಕಡೆಯ ಲಿಫ್ಟ್ ಬರುತ್ತದೆಯೇ ಅಂತ ಒಮ್ಮೆ ಗಮನಿಸಿ. ಬರದಿದ್ದರೆ ಒಬ್ಬರು ಆ ಕಡೆ ನಿಂತುಕೊಳ್ಳಬಹುದು.

ಮೇಲೆ ಹೋಗಬೇಕಾದವರು ಕೆಳಗೆ ಹೋಗುವ ಲಿಫ್ಟ್ ಹತ್ತಿ, ಒಳಗೇ ಉಳಿದುಕೊಂಡು ಮೇಲೆ ಬರುವ ಉಪಾಯ ಎಲ್ಲ ಹಡಗಿನಲ್ಲೂ ಚಾಲ್ತಿಯಲ್ಲಿದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕೆಳಗೆ ಸಾಲಿನಲ್ಲಿ ನಿಂತವರ ಜಾಗ ಕಸಿದ ಹಾಗೆ. ಗಾಲಿಕುರ್ಚಿಯಲ್ಲಿರುವವರು, ವಯಸ್ಸಾದವರು ಮಾಡಿದರೆ ನಾನು ತಪ್ಪು ಹೇಳುವುದಿಲ್ಲ. ಗಟ್ಟಿಮುಟ್ಟಾದವರು ಮಾಡಿದರೆ ಸಿಟ್ಟು ಬರುತ್ತದೆ.

2024ರ ಜನವರಿಯಲ್ಲಿ ಯಾನ ಶುರು ಮಾಡಿದ ಐಕಾನ್ ಆಫ್ ದ ಸೀಸ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಅದರಲ್ಲಿ 20 ಡೆಕ್. ಅಲ್ಲಿ ಲಿಫ್ಟಿನ ಒಳಗೆ ಡೆಕ್ ಒತ್ತುವಂತಿಲ್ಲ. ಹೊರಗಿನ ಪರದೆಯಲ್ಲೇ ಎಷ್ಟನೇ ಡೆಕ್ ಅಂತ ಒತ್ತಬೇಕು. ಯಾವ ಲಿಫ್ಟಿಗೆ ಹೋಗಬೇಕು ಅಂತ ಪರದೆ ಒಂದು ಅಕ್ಷರ ತೋರಿಸುತ್ತದೆ. ಅದರ ಮುಂದೆಯೇ ನಿಲ್ಲಬೇಕು. ಬೆಂಗಳೂರಿನ ಕೆಲವು ಐಟಿ ಕಟ್ಟಡಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಹೊಸಬರು ಬಾಗಿಲು ತೆರೆದ ಯಾವುದೋ ಲಿಫ್ಟಿಗೆ ನುಗ್ಗಿ, ಒಳಗೆ ಬಟನ್ ಹುಡುಕುತ್ತಾ ಬೇರೆ ಎಲ್ಲೋ ಹೋಗಿ ಇಳಿಯುತ್ತಾರೆ. ಇಂಥ ಲಿಫ್ಟ್‌ಗಳು ಒತ್ತಿದ ಲೆಕ್ಕದ ಮೇಲೆ ಜನರನ್ನು ಹಂಚುತ್ತವೆ. ಎಂಟು ಜನರ ಕುಟುಂಬಕ್ಕೆ ಒಬ್ಬರೇ ಒಂದು ಸಲ ಒತ್ತಿದರೆ ಅದಕ್ಕೆ ಒಬ್ಬರೇ ಇದ್ದಾರೆ ಅಂತ ಅರ್ಥ. ಪ್ರತಿಯೊಬ್ಬರೂ ಒತ್ತುವುದು ಒಳ್ಳೆಯದು.

ಕುಟುಂಬ ಇಬ್ಭಾಗವಾಗುವುದು ಲಿಫ್ಟ್ ಬಾಗಿಲಿನಲ್ಲೇ. ಅಜ್ಜ ಮೊಮ್ಮಗ ಒಳಗೆ, ಉಳಿದವರು ಹೊರಗೆ, ಬಾಗಿಲು ಮುಚ್ಚಿತು. ಫೋನೂ ನಡೆಯದು. ಇದಕ್ಕೆ ಮೊದಲೇ ಒಂದು ಮಾತು ಮಾಡಿಕೊಂಡಿರಿ. ಒಳಗೆ ಹೋದವರು ಹೋಗಬೇಕಿದ್ದ ಡೆಕ್‌ನಲ್ಲೇ ಇಳಿದು, ಲಿಫ್ಟಿನ ಎದುರೇ ನಿಂತಿರಬೇಕು. ವಾಪಸ್ ಬರಲು ಹೋಗಬಾರದು. ಹಿಂದುಳಿದವರು ಮುಂದಿನ ಲಿಫ್ಟಿನಲ್ಲಿ ಅಲ್ಲಿಗೇ ಹೋಗಬೇಕು. ಎರಡೂ ಗುಂಪು ಒಬ್ಬರನ್ನೊಬ್ಬರು ಹುಡುಕುತ್ತಾ ಮೇಲೆ ಕೆಳಗೆ ಅಲೆಯುವುದು ನೋಡಲು ತಮಾಷೆ, ಅನುಭವಿಸಲು ಅಲ್ಲ.

ದಿನ ಮರೆತುಹೋಗಿದ್ದರೆ ಲಿಫ್ಟಿನ ನೆಲ ನೋಡಿ. ಹಲವು ಹಡಗುಗಳಲ್ಲಿ ಅಲ್ಲಿ ಇವತ್ತು ಯಾವ ವಾರ ಅಂತ ಬರೆದ ಹಾಸು ಇರುತ್ತದೆ, ಪ್ರತಿ ರಾತ್ರಿ ಬದಲಾಯಿಸುತ್ತಾರೆ.

ಮೆಟ್ಟಿಲು ಯಾರಿಗೆ, ಎಷ್ಟು

ಕ್ಯಾಬಿನ್ ಡೆಕ್‌ಗಳ ನಡುವಿನ ಎತ್ತರ ಮನೆಯ ಒಂದು ಮಹಡಿಗಿಂತ ಜಾಸ್ತಿ ಏನಲ್ಲ. ಅಂಗಡಿ, ಥಿಯೇಟರ್ ಇರುವ ಕೆಳಗಿನ ಡೆಕ್‌ಗಳು ಸ್ವಲ್ಪ ಎತ್ತರ. ಮೆಟ್ಟಿಲುಗಳು ಅಗಲವಾಗಿರುತ್ತವೆ, ಕಾರ್ಪೆಟ್ ಇರುತ್ತದೆ, ನಡುವೆ ತಿರುವಿನಲ್ಲಿ ನಿಲ್ಲಲು ಜಾಗ ಇರುತ್ತದೆ.

ನನ್ನ ಲೆಕ್ಕ ಹೀಗೆ. ಇಳಿಯುವುದು ನಾಲ್ಕು ಡೆಕ್‌ವರೆಗೆ, ಹತ್ತುವುದು ಎರಡು ಮೂರು ಡೆಕ್‌ವರೆಗೆ ಮೆಟ್ಟಿಲು. ಅದಕ್ಕಿಂತ ಜಾಸ್ತಿ ಇದ್ದರೆ ಲಿಫ್ಟ್. ಗುಲಾಬ್ ಜಾಮೂನು ತಿಂದ ದಿನ ಒಂದು ಡೆಕ್ ಸೇರಿಸಿಕೊಳ್ಳಬಹುದು. ಆದರೆ ಮಂಡಿ ಸವೆದವರಿಗೆ ಈ ಲೆಕ್ಕ ಬೇಡ. ಅವರಿಗೆ ಹತ್ತುವುದಕ್ಕಿಂತ ಇಳಿಯುವುದೇ ನೋವು ಕೊಡುವುದು ಹೆಚ್ಚು. "ಇಳಿಯೋದು ತಾನೇ, ಬನ್ನಿ ಅತ್ತೆ" ಅಂತ ಒತ್ತಾಯ ಮಾಡಬೇಡಿ. ಇಳಿಯಲು ಲಿಫ್ಟಿಗೆ ಕಾಯಲಿ.

ಕಂಬಿ ಹಿಡಿದೇ ನಡೆಯಿರಿ, ಹಡಗು ಯಾವಾಗ ವಾಲುತ್ತದೆ ಹೇಳಲಾಗದು. ಸೀರೆ ಉಟ್ಟವರು ನೆರಿಗೆ ಸ್ವಲ್ಪ ಎತ್ತಿ ಹಿಡಿಯಬೇಕು, ಅಂದರೆ ಇನ್ನೊಂದು ಕೈ ಖಾಲಿ ಇರಬೇಕು. ಕಾಫಿ ಲೋಟ, ತಟ್ಟೆ ಹಿಡಿದು ಮೆಟ್ಟಿಲಿಳಿಯುವುದು ಬೇಡವೇ ಬೇಡ. ಈಜುಕೊಳದಿಂದ ಒದ್ದೆ ಕಾಲಿನಲ್ಲಿ ಬಂದವರೂ ಅಷ್ಟೆ. ಸಮುದ್ರ ಜೋರಾಗಿರುವ ದಿನ ಹೊರಗಿನ ಬಾಗಿಲುಗಳನ್ನು ಮುಚ್ಚುತ್ತಾರೆ, ಕೆಲವೊಮ್ಮೆ ಲಿಫ್ಟ್‌ಗಳನ್ನೂ ನಿಲ್ಲಿಸುತ್ತಾರೆ. ಅಂಥ ದಿನ ವಯಸ್ಸಾದವರು ಕ್ಯಾಬಿನ್ ಹತ್ತಿರವೇ ಇರಲಿ.

ಕಂಬಿಯನ್ನೂ ಲಿಫ್ಟ್ ಬಟನ್ನನ್ನೂ ಸಾವಿರಾರು ಕೈ ಮುಟ್ಟಿರುತ್ತದೆ. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಊಟಕ್ಕೆ ಮುಂಚೆ ಸೋಪು ನೀರಿನಲ್ಲಿ ಕೈ ತೊಳೆಯಿರಿ. ಕೈಯಲ್ಲೇ ಊಟ ಮಾಡುವ ನಮಗಂತೂ ಇದು ತಪ್ಪಲೇಬಾರದು.

"ಸಿಬ್ಬಂದಿಗೆ ಮಾತ್ರ" ಅಂತ ಬರೆದ ಬಾಗಿಲು ತಳ್ಳಬೇಡಿ. ಅದರ ಹಿಂದೆ ಅವರದೇ ಲಿಫ್ಟ್, ಮೆಟ್ಟಿಲು, ಕೆಳಗೆ ಹಡಗಿನ ಉದ್ದಕ್ಕೂ ಹೋಗುವ ಹೆದ್ದಾರಿಯಂಥ ಕಾರಿಡಾರ್ ಇದೆ. ಅಮೆರಿಕದ ಪೂರ್ವ ಕರಾವಳಿಯ ದೊಡ್ಡ ರಸ್ತೆಯ ಹೆಸರಿನಲ್ಲಿ ಅದನ್ನು ಐ-95 ಅನ್ನುತ್ತಾರೆ. ಅಕ್ಕಿ ಮೂಟೆಯಿಂದ ಹಿಡಿದು ನಿಮ್ಮ ಸೂಟ್‌ಕೇಸ್‌ವರೆಗೆ ಎಲ್ಲ ಸಾಗುವುದು ಅಲ್ಲೇ.

ತುರ್ತು ಸಮಯದ ದಾರಿ

ಇದನ್ನು ಹಗುರವಾಗಿ ತಗೊಳ್ಳಬೇಡಿ. ಏಳು ಚಿಕ್ಕ ಸೀಟಿ, ಒಂದು ಉದ್ದದ ಸೀಟಿ ಕೇಳಿದರೆ ಅದು ಅಪಾಯದ ಕರೆ. ಆಗ ಲಿಫ್ಟ್ ಹತ್ತುವಂತಿಲ್ಲ. ಮೆಟ್ಟಿಲೇ ದಾರಿ. ನಿಮ್ಮ ಗುಂಪು ಸೇರಬೇಕಾದ ಜಾಗದ ನಂಬರ್ ಕ್ಯಾಬಿನ್ ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಅದನ್ನು ಮಸ್ಟರ್ ಸ್ಟೇಷನ್ ಅನ್ನುತ್ತಾರೆ.

2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿ ಬಿದ್ದಾಗ 32 ಜನ ಸತ್ತರು. ಅವತ್ತು ಸಂಜೆ ಹತ್ತಿದ ಪ್ರಯಾಣಿಕರಿಗೆ ತುರ್ತಿನಲ್ಲಿ ಏನು ಮಾಡಬೇಕೆಂಬ ಅಭ್ಯಾಸವನ್ನು ಇನ್ನೂ ಮಾಡಿಸಿರಲಿಲ್ಲ. 24 ಗಂಟೆಯೊಳಗೆ ಮಾಡಿಸಿದರೆ ಸಾಕು ಅಂತ ಆಗ ನಿಯಮವಿತ್ತು. ಆಮೇಲೆ ಅದು ಬದಲಾಯಿತು. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಿಸಲೇಬೇಕು. ರಾಯಲ್ ಕೆರಿಬಿಯನ್‌ನಲ್ಲಿ ಆ್ಯಪ್‌ನಲ್ಲೋ ಟಿವಿಯಲ್ಲೋ ವಿಡಿಯೋ ನೋಡಿ, ಆಮೇಲೆ ನಿಮ್ಮ ಸ್ಟೇಷನ್‌ಗೆ ಹೋಗಿ ಹಾಜರಿ ಹಾಕಿಸಬೇಕು. ಅಲ್ಲಿಗೆ ಮೊದಲ ಸಲ ಹೋಗುವಾಗಲೇ ಕ್ಯಾಬಿನ್‌ನಿಂದ ಮೆಟ್ಟಿಲಲ್ಲಿ ಹೋಗಿ ನೋಡಿ. ಬಾಗಿಲಿನ ಹಿಂದೆ ದಾರಿಯ ನಕ್ಷೆ ಅಂಟಿಸಿರುತ್ತಾರೆ. ಕ್ಯಾಬಿನ್‌ನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಎಣಿಸಿಟ್ಟುಕೊಳ್ಳಿ. ಹೊಗೆ ತುಂಬಿದರೆ ಕಣ್ಣಿಗೆ ಏನೂ ಕಾಣದು. ಅದಕ್ಕೇ ಕಾರಿಡಾರ್‌ನ ಗೋಡೆಯ ಬುಡದಲ್ಲಿ, ನೆಲದಿಂದ ಒಂದಡಿಯೊಳಗೆ, ಕತ್ತಲಲ್ಲಿ ಹೊಳೆಯುವ ಪಟ್ಟಿ ಹಾಕಿರುತ್ತಾರೆ. ಬಗ್ಗಿ ಅದನ್ನು ಹಿಡಿದು ಹೋಗಬೇಕು.

ಕಾರಿಡಾರ್‌ನಲ್ಲಿ ಅಲ್ಲಲ್ಲಿ ಗೋಡೆಗೆ ಅಂಟಿಕೊಂಡ ದಪ್ಪ ಬಾಗಿಲುಗಳಿರುತ್ತವೆ. ಅವು ಬೆಂಕಿ ತಡೆಯುವ ಬಾಗಿಲು. ಹಡಗನ್ನು ಉದ್ದಕ್ಕೆ ಹಲವು ಭಾಗವಾಗಿ ವಿಂಗಡಿಸಿ, ಒಂದರಲ್ಲಿ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹರಡದಂತೆ ಕಟ್ಟಿರುತ್ತಾರೆ. ಆ ಬಾಗಿಲು ಮುಚ್ಚಿದರೆ ಸಿಕ್ಕಿಬಿದ್ದೆವು ಅಂದುಕೊಳ್ಳಬೇಡಿ. ತಳ್ಳಿ ತೆರೆದು ಹೋಗಬಹುದು.

ಮೆಟ್ಟಿಲು ಇಳಿಯಲಾಗದವರು ಇದ್ದರೆ ಹತ್ತಿದ ದಿನವೇ ಗೆಸ್ಟ್ ಸರ್ವಿಸ್‌ನಲ್ಲಿ ಹೇಳಿ ಹೆಸರು ಬರೆಸಿ. ತುರ್ತಿನಲ್ಲಿ ಅವರನ್ನು ಕರೆದೊಯ್ಯಲು ಸಿಬ್ಬಂದಿ ನೇಮಿಸಿರುತ್ತಾರೆ. ಸಂಕೋಚ ಬೇಡ. ನಮ್ಮ ಹಿರಿಯರು "ನಂಗೇನೂ ಆಗಿಲ್ಲ, ಸುಮ್ನಿರು" ಅನ್ನುತ್ತಾರೆ. ಅವರ ಮಾತು ಕೇಳದೆ ಬರೆಸಿಬಿಡಿ.

ಇಳಿಯುವ ಬೆಳಗ್ಗೆ

ವಾರದಲ್ಲೇ ಲಿಫ್ಟಿಗೆ ಅತಿ ಕೆಟ್ಟ ಹೊತ್ತು ಇದು. ಎಲ್ಲರ ಕೈಯಲ್ಲೂ ಪೆಟ್ಟಿಗೆ, ಒಂದು ಲಿಫ್ಟಿಗೆ ನಾಲ್ಕೈದು ಜನ ಹಿಡಿದರೆ ಹೆಚ್ಚು. ದೊಡ್ಡ ಪೆಟ್ಟಿಗೆಗಳಿಗೆ ಕಂಪನಿ ಕೊಡುವ ಚೀಟಿ ಕಟ್ಟಿ ಹಿಂದಿನ ರಾತ್ರಿಯೇ ಬಾಗಿಲ ಹೊರಗೆ ಇಟ್ಟುಬಿಡಿ. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಮಾತ್ರ ಕೈಚೀಲದಲ್ಲಿರಲಿ. ಪೈಜಾಮದಲ್ಲೇ ಇಳಿಯಬೇಕಾಗಿ ಬಂದವರು ಪ್ರತಿ ಯಾನದಲ್ಲೂ ಇರುತ್ತಾರೆ.

ಗ್ಯಾಂಗ್‌ವೇ ಯಾವ ಡೆಕ್‌ನಲ್ಲಿ, ಯಾವ ಲಾಬಿಗೆ ಹತ್ತಿರ ಅಂತ ರಾತ್ರಿಯೇ ಕೇಳಿಕೊಳ್ಳಿ. ಕ್ಯಾಬಿನ್ ಬಿಡಬೇಕಾದ ಹೊತ್ತಿಗೆ ಸ್ವಲ್ಪ ಮುಂಚೆಯೇ ಹೊರಟು, ಆ ಲಾಬಿಯ ಪಕ್ಕದಲ್ಲಿ, 5ನೇ ಡೆಕ್‌ನಲ್ಲೋ 8ರ ತೋಟದಲ್ಲೋ ಕುಳಿತುಕೊಳ್ಳಿ. ನಿಮ್ಮ ಗುಂಪಿನ ನಂಬರ್ ಕರೆದಾಗ ಒಂದೆರಡು ಡೆಕ್ ಇಳಿಯುವುದಷ್ಟೇ ಉಳಿದಿರುತ್ತದೆ. ಗಾಲಿಕುರ್ಚಿಯ ನೆರವು ಬೇಕಿದ್ದರೆ ಅದನ್ನೂ ಹಿಂದಿನ ದಿನವೇ ಹೇಳಿಟ್ಟಿರಿ. ಬೆಳಗ್ಗೆ ಕೇಳಿದರೆ ಸರದಿಯ ಕೊನೆಯಲ್ಲಿ ಸಿಗುತ್ತದೆ.